ನಾಲ್ಕನೇ ಬಾಗಿಲು

ಒಣಗಿರಬೇಕು, ಬೆರಳಿನ ಹಿಂಬದಿಯಿಂದ ಮುಟ್ಟಿದರೆ ಅಂಟುವುದಿಲ್ಲ, ತಣ್ಣಗಿದೆ, ಬಾಗಿಲಿನ ವಿನೈಲ್ ಹೊದಿಕೆಯ ಸಣ್ಣ ಸಣ್ಣ ಸುಕ್ಕುಗಳು ಹಾಗೇ ಸಿಗುತ್ತವೆ, ಬಣ್ಣ ಎಲ್ಲಿಯೂ ದಪ್ಪಗೆ ಕೂತಿಲ್ಲ, ಮಂಜು ಬಿದ್ದ ಹಾಗೆ ಬಿದ್ದಿದೆ, ಕೈ ಇನ್ನೂ ಕೈಯೇ, ಕೈಗೇನೂ ಆಗಿಲ್ಲ — ಆದರೆ ಸೊಸೆ ಹೇಳಿ ಹೋದಳಲ್ಲ, ಅತ್ತೆ, ನಾಲ್ಕನೇ ಬಾಗಿಲು ಹಸಿರಿಗೆ ತಿರುಗಿದೆ ನೋಡಿ, ಆ ಮೂರು ಸರಿಯಾಗಿವೆ, ಇದೊಂದು ಯಾರದೋ ಮನೆಯಿಂದ ಬಂದ ಹಾಗಿದೆ, ಐದು ಗಂಟೆಗೆ ಡ್ರೈವಿಂಗ್ ಟೀಚರ್ ಕಾರು ತಗೊಂಡು ಹೋಗೋಕೆ ಬರ್ತಾರೆ, ಅಷ್ಟರಲ್ಲಿ ಇನ್ನೊಂದು ಕೋಟು ಹೊಡೆದುಬಿಡಿ, ನಾನು ಬಾಗಿಲಿಗೆ ಕೂರಿಸೋ ಕ್ಲಿಪ್ಪು ತಂದುಬಿಡ್ತೀನಿ, ಎಂದು ಚಪ್ಪಲಿ ಮೆಟ್ಟಿದಳು, ಹೊಸ್ತಿಲಲ್ಲಿ ತಿರುಗಿ ನೋಡಿದಳು, ಬಾಗಿಲನ್ನು ನೋಡಿದಳೋ ನನ್ನನ್ನು ನೋಡಿದಳೋ ತಿಳಿಯಲಿಲ್ಲ. ಒಣಗಿದ ಮೇಲೆ ನೋಡೇ, ಹಸಿಯಲ್ಲಿ ಎಲ್ಲ ಬಣ್ಣವೂ ಸುಳ್ಳು ಹೇಳುತ್ತೆ, ಅಂದೆ ನಾನು, ಸುಳ್ಳು ಹೇಳಿದ್ದು ಬಣ್ಣವಲ್ಲ. ಕಾರಿನಿಂದ ಕಳಚಿದ ನಾಲ್ಕು ಬಾಗಿಲುಗಳ ಒಳಹೊದಿಕೆಗಳು ಗೋಡೆಗೆ ಒರಗಿ ನಿಂತಿವೆ, ಮೂರು ನಿನ್ನೆಯವು, ಒಂದು ಇವತ್ತಿನದು, ಹತ್ತಿರ ಹೋದೆ, ದೂರ ಬಂದೆ, ಕತ್ತು ಓರೆ ಮಾಡಿದೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಮುಚ್ಚಿದೆ, ನಾಲ್ಕೂ ಬೂದು, ಒಂದೇ ಬೂದು, ಒಂದೇ ತಾಯಿಯ ಮಕ್ಕಳು, ಎಲ್ಲಿದೆ ಇವಳು ಹೇಳುವ ಹಸಿರು, ನನ್ನ ಬಿಟ್ಟು ಊರಿಗೆಲ್ಲ ಕಾಣುವ ಹಸಿರು.

ಅಂಗಡಿಯ ಹಲಗೆ ಒರೆಸಬಾರದಿತ್ತು ಅವಳು, ಇವತ್ತು ಬೆಳಿಗ್ಗೆ ನನಗಿಂತ ಮೊದಲು ಬಂದವಳೇ ಬಣ್ಣದ ಸೀಸೆಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಮತ್ತೆ ಜೋಡಿಸಿದಳಂತೆ, ಎಷ್ಟು ಧೂಳಿತ್ತು ಗೊತ್ತಾ ಅತ್ತೆ, ಗೊತ್ತಮ್ಮ, ಆ ಧೂಳಿನಲ್ಲಿ ನನ್ನ ಪ್ರಾಣವಿತ್ತು, ಎಡದಿಂದ ಎಣಿಸಿದರೆ ಬಿಳಿ, ಕಪ್ಪು, ಕೆಂಪು, ಹಳದಿ, ಐದನೆಯದು ನೀಲಿ, ಆರನೆಯದು ಹಸಿರು, ಎರಡು ತಿಂಗಳಿಂದ ನಾನು ಬಣ್ಣ ನೋಡಿಯೇ ಇಲ್ಲ, ಎಣಿಸಿದ್ದೇನೆ ಅಷ್ಟೇ, ಇವತ್ತೂ ಎಣಿಸಿದೆ, ಐದನೆಯದು ತೆಗೆದೆ, ಬೂದು ಬಣ್ಣಕ್ಕೆ ಎರಡು ಹನಿ ಬಿಟ್ಟೆ, ನಿನ್ನೆ ಬಿಟ್ಟಷ್ಟೇ, ಕಡ್ಡಿಯಿಂದ ಕಲಕಿದೆ, ಬಣ್ಣ ಹೊಡೆಯುವ ಗನ್ನಿಗೆ ಸುರಿದೆ, ಅದು ಐದನೆಯದೇ, ಆದರೆ ನೀಲಿಯಲ್ಲ. ಚೀಟಿಯಾದರೂ ಅಂಟಿಸಿದ್ದರೆ — ಚೀಟಿ ಅಂಟಿಸುವುದು ನಮ್ಮಲ್ಲಿಲ್ಲ, ಬಣ್ಣ ಬೆರೆಸುವವರು ಯಾರೂ ಸೀಸೆಯ ಮೇಲೆ ಹೆಸರು ಬರೆಯುವುದಿಲ್ಲ, ಬರೆದರೆ ನೋಡಿದವನು ಕದಿಯುತ್ತಾನೆ, ನಮ್ಮ ಯಜಮಾನರು ಹೇಳುತ್ತಿದ್ದರು, ಅಕ್ಷರಕ್ಕೆ ಕಾಲಿರುತ್ತೆ ಕಣೇ, ಎದುರಂಗಡಿಗೆ ನಡ್ಕೊಂಡು ಹೋಗುತ್ತೆ. ಅವರು ಗನ್ ಹಿಡಿಯುತ್ತಿದ್ದರು, ನಾನು ಬೆರೆಸುತ್ತಿದ್ದೆ, ಗಿರಾಕಿಗಳ ಮುಂದೆ ನನ್ನನ್ನು ಹೊಗಳಿದವರಲ್ಲ, ಒಮ್ಮೆ ಮಾತ್ರ ಯಾರಿಗೋ ಹೇಳಿದ್ದು ಕೇಳಿಸಿತು, ಅವಳದು ಕಣ್ಣಲ್ಲಪ್ಪ, ತಕ್ಕಡಿ. ಆ ಒಂದು ಮಾತಿನ ಮೇಲೆ ಮೂವತ್ತು ವರ್ಷ ಅನ್ನ ತಿಂದಿದ್ದೇನೆ. ಸೊಸೆ ಬಂದ ಹೊಸತರಲ್ಲಿ ಪುಸ್ತಕ ಹಿಡಿದು ನಿಂತಳು, ಅತ್ತೆ, ಯಾವ ಬೂದು ಬಣ್ಣಕ್ಕೆ ಎಷ್ಟು ಹನಿ ಹೇಳಿ, ಬರ್ಕೋತೀನಿ, ಸೀಸೆಗೂ ಹೆಸರು ಬರೀತೀನಿ, ಬರ್ಕೊಂಡು ಕಲಿಯೋಕೆ ಇದೇನು ಮಗ್ಗಿನಾ, ಬಣ್ಣ ಕಣ್ಣಲ್ಲಿರಬೇಕು, ಪುಸ್ತಕದಲ್ಲಲ್ಲ, ಎಂದು ಗದರಿದೆ, ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳ ಸೊಕ್ಕು ಅದು, ಅಕ್ಷರವಿಲ್ಲದೆಯೇ ನಾನು ಗೆದ್ದಿದ್ದೆನಲ್ಲ, ಪಾಪ, ಪುಸ್ತಕ ಮುಚ್ಚಿ ಸೆರಗಿಗೆ ಕೈ ಒರೆಸಿಕೊಂಡಳು, ಒಂದು ಮಾತು ಎದುರಾಡಲಿಲ್ಲ, ಎದುರಾಡಿ ಬರೆದುಬಿಟ್ಟಿದ್ದರೆ ಏನಾಗುತ್ತಿತ್ತು ಈ ಹುಡುಗಿಗೆ.

ಐದನೆಯದು, ಆರನೆಯದು, ಎರಡು ಸೀಸೆಗಳೂ ಈಗ ನನ್ನ ಕೈಯಲ್ಲಿವೆ, ಬಲದ್ದೊಂದು ಎಡದ್ದೊಂದು, ತೂಕ ಒಂದೇ, ವಾಸನೆ ಒಂದೇ, ಮೂಸಿದರೆ ಗಂಟಲು ಕೆರೆಯುತ್ತದೆ ಅಷ್ಟೇ, ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದೆ, ಬಿಸಿಲೂ ಏನೂ ಹೇಳಲಿಲ್ಲ. ಡಬ್ಬಿಯ ಬಿಳಿ ಮುಚ್ಚಳದ ಮೇಲೆ ಇದರದೊಂದು ಹನಿ, ಅದರದೊಂದು ಹನಿ, ಎರಡು ಹನಿ, ಪ್ರತಿ ದಿನ ಬೆಳಿಗ್ಗೆ ಸೊಸೆ ಬರುವ ಮೊದಲು ಹೀಗೇ ಬಿಟ್ಟು ನೋಡಿ ಒರೆಸಿಬಿಡುತ್ತೇನೆ, ಹೋದ ತಿಂಗಳು ಒಂದು ಸ್ವಲ್ಪ ಬೆಳ್ಳಗಿತ್ತು, ಒಂದು ಸ್ವಲ್ಪ ಕಪ್ಪಗಿತ್ತು, ಈ ತಿಂಗಳು ಅದೂ ಇಲ್ಲ. ತಂಗಿಯ ಮನೆಗೆ ಹೋಗ್ತೀನಿ ಎಂದು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ, ಆ ಹೆಣ್ಣುಮಗಳು ದೀಪ ಬಿಟ್ಟು ನೋಡಿ, ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗಿದೆಯಮ್ಮ, ಹೋದದ್ದನ್ನ ತರೋಕಾಗಲ್ಲ, ಇರೋದನ್ನ ಕಾಪಾಡ್ಕೊಳ್ಳೋಣ, ಎಂದಳು, ನೀಲಿ ಹಸಿರು ಗೊತ್ತಾಗ್ತಿಲ್ಲ ಅಂದೆ, ಈ ವಯಸ್ಸಲ್ಲಿ ಅದರಿಂದ ಏನಾಗಬೇಕಿದೆ ಅಜ್ಜಿ, ಓಡಾಡೋಕೆ ಕಾಣುತ್ತಲ್ಲ, ಕಾಣುತ್ತೆ ಮಗಳೇ, ಓಡಾಡೋಕೆ ಕಾಣುತ್ತೆ. ಕಣ್ಣಿಗೂ ಎರಡು ಹನಿ, ಬಲಕ್ಕೊಂದು ಎಡಕ್ಕೊಂದು, ಆ ಮದ್ದನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ, ಕಳ್ಳಿಯ ಹಾಗೆ. ಹೇಳಿದರೆ ಸೊಸೆ ಬೈಯುವವಳಲ್ಲ, ಅದೇ ಕಷ್ಟ, ಕುರ್ಚಿ ಹಾಕುತ್ತಾಳೆ, ಅತ್ತೆ, ನೀವು ಕೂತಿರಿ ಸಾಕು ಅನ್ನುತ್ತಾಳೆ, ಹಲ್ಲು ಹೋದ ಗರಗಸವನ್ನು ಗೋಡೆಗೆ ನೇತು ಹಾಕುತ್ತಾರಲ್ಲ ಹಾಗೆ, ಬಿಸಾಡುವುದಿಲ್ಲ, ಕೊಯ್ಯುವುದೂ ಇಲ್ಲ.

ಯಾರನ್ನಾದರೂ ಕೇಳಲೇ, ಎದುರಿಗೆ ಪಂಕ್ಚರ್‌ನವನು ಕೂತಿದ್ದಾನೆ, ಇದು ನೀಲಿನಾ ನೋಡಪ್ಪ ಅಂದರೆ ಹೇಳುತ್ತಾನೆ, ಆಮೇಲೆ ಸಂಜೆಯೊಳಗೆ ಇಡೀ ಬೀದಿಗೂ ಹೇಳುತ್ತಾನೆ, ಅವನು ತೇಪೆ ಹಾಕುವುದು ಟ್ಯೂಬಿಗೆ, ಬಾಯಿಗಲ್ಲ. ಈ ನಾಲ್ಕನೆಯದೇ ಟೀಚರ್ ಕೂರುವ ಬದಿಯ ಬಾಗಿಲು, ಹಿಡಿಯ ಹತ್ತಿರ ಬಣ್ಣ ಸವೆದು ಬೆಳ್ಳಗಾಗಿತ್ತು, ಉಗುರಿನ ಗೀರುಗಳು ಬೇರೆ, ಕಲಿಯೋರು ಸ್ಟೀರಿಂಗ್ ಹಿಡ್ಕೋತಾರೆ ಅಜ್ಜಿ, ನಾನು ಪ್ರಾಣ ಹಿಡ್ಕೋತೀನಿ, ಎಂದು ಆ ಟೀಚರ್ ನಕ್ಕಿದ್ದಳು, ಸೋಪಿನಲ್ಲಿ ತೊಳೆದು ಸ್ಪಿರಿಟ್ಟಿನಲ್ಲಿ ಒರೆಸಿ ಗೀರು ತುಂಬಿ ಉಜ್ಜಿ ಎರಡು ದಿನ ಅದೊಂದರ ಮೇಲೇ ಕೂತಿದ್ದೆ, ಗೀರು ಎಲ್ಲಿತ್ತು ಎಂದು ಈಗ ಅವಳೇ ಹುಡುಕಬೇಕು. ಇನ್ನು ಒಂದು ಕೋಟು ತಾಳುತ್ತದೆ, ಎರಡು ತಾಳುವುದಿಲ್ಲ, ಸುಕ್ಕೆಲ್ಲ ಮುಚ್ಚಿ ಗಾಜಿನ ಹಾಗಾಗಿ ಆಮೇಲೆ ಚಕ್ಕೆ ಏಳುತ್ತದೆ, ಒಂದೇ ಸಲ, ಬಲವೋ ಎಡವೋ, ಚಿಕ್ಕವರಿದ್ದಾಗ ಕಣ್ಣು ಮುಚ್ಚಿ ಬೆರಳು ಮುಟ್ಟಿಸುತ್ತಿದ್ದೆವು, ಈ ಬೆರಳೋ ಆ ಬೆರಳೋ, ಈ ವಯಸ್ಸಿನಲ್ಲಿ ಇನ್ನೊಬ್ಬರ ಕಾರಿನ ಮೇಲೆ ಆ ಆಟವೇ. ಗನ್ ತೊಳೆದಿಟ್ಟೆ, ಬೂದು ಅಳೆದಿಟ್ಟೆ, ಎಲ್ಲ ಸಿದ್ಧ, ಬಲದ ಸೀಸೆ ಎತ್ತಿದೆ, ಕೆಳಗಿಟ್ಟೆ, ಎಡದ್ದು ಎತ್ತಿದೆ —

ಚಪ್ಪಲಿಯ ಸದ್ದು, ಸೊಸೆಯದೇ, ಕ್ಲಿಪ್ಪಿನ ಪೊಟ್ಟಣ ಮೇಜಿನ ಮೇಲೆ ಬಿತ್ತು, ಇನ್ನೂ ಹೊಡೆದಿಲ್ವಾ ಅತ್ತೆ, ನಾಲ್ಕೂಮುಕ್ಕಾಲಾಯ್ತು, ಎಂದವಳು ಅಲ್ಲಿಗೇ ನಿಂತಳು, ಮುಚ್ಚಳ ನೋಡಿದಳು, ನನ್ನ ಕೈಯ ಸೀಸೆ ನೋಡಿದಳು, ಒರೆಸಬೇಕಿತ್ತು ನಾನು, ದಿನವೂ ಒರೆಸುತ್ತಿದ್ದೆ, ಇವತ್ತು ಮರೆತೆ. ಬೆಳಕು ಸರಿಯಿಲ್ಲ ಕಣೇ, ಅನ್ನಬೇಕು, ಒಣಗಲಿ ಎಂದು ಕಾಯ್ತಿದ್ದೆ, ಅನ್ನಬೇಕು. ಅವಳು ಬೈಯಲಿಲ್ಲ, ಕುರ್ಚಿಯನ್ನೂ ಹಾಕಲಿಲ್ಲ, ತುಂಬ ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡಿದ ಹಾಗೆ, ಯಾವಾಗಿಂದ ಅತ್ತೆ, ಎಂದಳು, ಯಾವಾಗಿಂದ, ನಾನು ತಲೆ ಎತ್ತಲಿಲ್ಲ, ಮುಚ್ಚಳವನ್ನೇ ನೋಡುತ್ತಿದ್ದೆ, ನನ್ನ ಕೈ ತಗುಲಿ ಅದು ಒಂದಿಷ್ಟು ಓರೆಯಾಯಿತು, ಎರಡು ಹನಿ ಹರಿದವು, ಒಂದರ ಕಡೆಗೆ ಒಂದು, ಕೂಡಿದವು, ಎಲ್ಲಿ ಕೂಡಿದವು, ಇದು ಎಲ್ಲಿ ಮುಗಿದು ಅದು ಎಲ್ಲಿ ಶುರುವಾಯಿತು, ಬಿಳಿ ಮುಚ್ಚಳ, ಎರಡು ಹನಿ, ಗೆರೆಯಿಲ್ಲ, ಎರಡು ಹನಿ, ಗೆರೆಯೇ ಇಲ್ಲ