ಪೇಂಟ್ ಡಬ್ಬದಲ್ಲಿ ಬಂದ ಮದುಮಗ

ನಮ್ಮ ಯಜಮಾನರು ಸೊಣ್ಣಪ್ಪನವರಿಗೆ ಮರದ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಹೊಲದ ಬದುವಿನ ಹೊಂಗೆ, ಕೆರೆ ಏರಿಯ ಹುಣಸೆ, ಸುಗಟೂರಿನ ಬಸ್ ಸ್ಟಾಪಿನ ಆಲ, ಎಲ್ಲಕ್ಕೂ ಅವರ ಕೈಯ ನೀರು ಬಿದ್ದಿದೆ. ಯಾವ ಗಿಡವನ್ನು ಯಾವತ್ತು ನೆಟ್ಟರೆಂದು ಕೇಳಿ, ಹೇಳುತ್ತಾರೆ. ನಮ್ಮ ಮದುವೆ ಯಾವತ್ತಾಯಿತೆಂದು ಮಾತ್ರ ಕೇಳಬೇಡಿ.

ಹೋದ ವರ್ಷ ರಸ್ತೆಯ ಚರಂಡಿ ಅಗಲ ಮಾಡುವವರು ಬಂದು ನಮ್ಮ ಮನೆ ಮುಂದಿನ ಬೇವಿನ ಮೈಮೇಲೆ ಕೆಂಪು ಬಣ್ಣದಲ್ಲಿ ಹದಿನೇಳು ಎಂದು ಬರೆದು ಹೋದರು. ಸೋಮವಾರ ಕಡಿಯುತ್ತಾರಂತೆ. ಅದು ಇವರು ಹನ್ನೆರಡನೇ ವಯಸ್ಸಿನಲ್ಲಿ ನೆಟ್ಟ ಮರ. ಎರಡು ದಿನ ಮುದ್ದೆ ಮುಟ್ಟಲಿಲ್ಲ. ಮೂರನೇ ದಿನ ಎದ್ದು ನನ್ನನ್ನು ಕರೆದರು.

"ಲೇ ಭಾರತಿ, ಬೇವಿಗೆ ಮದ್ವೆ ಮಾಡ್ಬಿಡ್ತೀನಿ. ತಾಳಿ ಕಟ್ಟಿಸ್ಕೊಂಡೋಳ ಮೇಲೆ ಯಾವನು ಕೊಡ್ಲಿ ಎತ್ತುತಾನೋ ನೋಡೋಣ."

ಬೇವಿಗೂ ಅರಳಿಗೂ ಮದುವೆ ಮಾಡುವುದು ನಮ್ಮ ಕಡೆ ಇದ್ದದ್ದೇ. ಆದರೆ ಎರಡನ್ನೂ ಒಂದೇ ಕಟ್ಟೆಯಲ್ಲಿ ಬೆಳೆಸಿ, ವಯಸ್ಸಿಗೆ ಬಂದ ಮೇಲೆ ಮಾಡುತ್ತಾರೆ. ನಮ್ಮ ಹೆಣ್ಣಿಗೆ ಆಗಲೇ ಐವತ್ತು. ಗಂಡು, ಪಕ್ಕದ ಬೀದಿಯ ದೊಡ್ಡಮುನಿಯಪ್ಪನ ತಾರಸಿಯ ಬಿರುಕಿನಲ್ಲಿ ಹುಟ್ಟಿ ಹಳೇ ಪೇಂಟ್ ಡಬ್ಬ ಸೇರಿದ್ದ ಮೊಳದುದ್ದದ ಅರಳಿ.

ಸೋಮವಾರ ಬೆಳಿಗ್ಗೆ ಚಪ್ಪರ, ವಾಲಗ, ಬೇವಿಗೆ ಹಸಿರು ಸೀರೆ. ಸೀರೆ ನನ್ನದು, ಕೇಳದೇ ತೆಗೆದಿದ್ದರು. ನೆರಿಗೆ ಹಿಡಿಯಲು ಸಾಲದೆಂದು ಇನ್ನೊಂದನ್ನೂ ತೆಗೆದರು. ಧಾರೆ ಎರೆಯುವಾಗ ಗೊಳೋ ಎಂದು ಅತ್ತುಬಿಟ್ಟರು. ನಮ್ಮ ಮಗಳ ಧಾರೆಯ ಹೊತ್ತಿಗೆ ಇದೇ ಮನುಷ್ಯನನ್ನು ಛತ್ರದ ಹಿಂದಿನ ನೇರಳೆ ಮರದ ಬುಡದಿಂದ ಹುಡುಕಿ ತರಬೇಕಾಗಿತ್ತು.

ಊಟದ ಹೊತ್ತಿಗೆ ಗರಗಸದವರನ್ನು ಕರೆದುಕೊಂಡು ಇಂಜಿನಿಯರ್ ಮುರಳಿಮೋಹನ್ ಬಂದರು. ಎಲ್ಲರನ್ನೂ ಕೂರಿಸಿ ಬಡಿಸಿದೆವು. ಗರಗಸದವರು ಎರಡೆರಡು ಸಲ ಪಾಯಸ ಹಾಕಿಸಿಕೊಂಡು, ಉಂಡ ಮನೆಯ ಮದುಮಗಳನ್ನು ಕುಯ್ಯುವುದಿಲ್ಲ ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡು ಕೂತರು.

ಅಷ್ಟರಲ್ಲಿ ದೊಡ್ಡಮುನಿಯಪ್ಪ ತಕರಾರು ತೆಗೆದ. ತಾನು ಗಂಡಿನ ಕಡೆಯವನು, ಸೊಸೆ ತನ್ನ ಮನೆಗೆ ಬರಬೇಕಂತೆ. ಪೂರ್ತಿ ಬರಲಾಗದಿದ್ದರೆ ಎರಡು ಕೊಂಬೆಯನ್ನಾದರೂ ಕಳಿಸಬೇಕಂತೆ. ಅರ್ಧ ಗಂಟೆ ಜಗಳವಾಗಿ, ಗಂಡೇ ಮನೆ ಅಳಿಯನಾಗಿ ಇಲ್ಲಿರಲಿ ಎಂದು ತೀರ್ಮಾನವಾಯಿತು. ಬೇವಿನ ಬುಡದಲ್ಲೇ ಗುಂಡಿ ತೋಡಿ ಅರಳಿಯನ್ನು ನೆಟ್ಟರು.

ಇಂಜಿನಿಯರ್ ಟೇಪು ಹಿಡಿದು ಎರಡು ಸಲ ಅಳೆದರು. ಬೇವು ಉಳಿಯಬೇಕಾದರೆ ಚರಂಡಿ ನಮ್ಮ ಮನೆಯ ಕಡೆ ತಿರುಗಬೇಕು, ತಿರುಗಿದರೆ ಜಗುಲಿ ಹೋಗುತ್ತದೆ. ಮನೆಯವರು ಬರೆದುಕೊಟ್ಟರೆ ಮೇಲಿನವರನ್ನು ತಾನು ಒಪ್ಪಿಸುತ್ತೇನೆ ಎಂದರು.

ಮನೆ ನನ್ನ ಹೆಸರಿನಲ್ಲಿದೆ. ಆ ಜಗುಲಿಯ ಕಲ್ಲನ್ನು ನಾನೇ ಮಾಲೂರಿನವರೆಗೂ ಹೋಗಿ ಆರಿಸಿ ತಂದಿದ್ದೆ. ಸಂಜೆ ಎದುರು ಮನೆಯ ಮುನಿಶಾಮಮ್ಮನ ಜೊತೆ ಕೂತು ಊರಿನವರನ್ನೆಲ್ಲ ಆಡಿಕೊಳ್ಳುವುದಕ್ಕೆ ನನಗಿರುವುದು ಅದೊಂದೇ ಜಾಗ. ಸೀರೆಯನ್ನು ಕೇಳದೇ ತೆಗೆದ ಮನುಷ್ಯ, ಜಗುಲಿ ಕೇಳಲು ಬಾಯಿ ಬಾರದೆ ಟವೆಲ್ ಹಿಂಡುತ್ತಾ ನಿಂತಿದ್ದರು. ನನಗೆ ಹೊಟ್ಟೆ ಉರಿಯಿತು. ಪಾಪ ಎಂದೂ ಅನ್ನಿಸಿತು.

"ಬರ್ಕೊಡ್ತೀನಿ, ಒಡೀರಿ," ಅಂದೆ. "ಮದ್ವೆ ಅಂದ್ಮೇಲೆ ಹೆಣ್ಣಿನ ಕಡೆಯೋರಿಗೆ ಖರ್ಚು ಇದ್ದಿದ್ದೇ."

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವರು ಮರವನ್ನು ನೋಡುವ ಹಾಗೆ ನನ್ನನ್ನು ನೋಡಿದರು, ಬುಡದಿಂದ ತುದಿಯವರೆಗೆ. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಗಿ, ಪಾಯಸದ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ.