ಹಳೆಯ ಗಿರಾಕಿಯ ಪತ್ರ

ಮೂಲೆಯ ಸ್ಕೂಟರ್ ಮೆಕ್ಯಾನಿಕ್ಕನ್ನು ನನ್ನ ಗಂಡ ಡಾಕ್ಟ್ರು ಎಂದೇ ಕರೆಯುತ್ತಿದ್ದ. ಒಂದು ಶಟರು, ಒಂದು ಸ್ಟೂಲು, ಗೋಡೆಗೆ ನೇತುಹಾಕಿದ ಹಳೇ ಟೈರುಗಳು. ಗಂಡ ಸತ್ತು ಏಳು ತಿಂಗಳಾಯಿತು. ನಾನು ಈಗಲೂ ಪ್ರತಿ ಶನಿವಾರ ನನ್ನ ಗಾಡಿಯನ್ನು ಅಲ್ಲಿಗೇ ಒಯ್ಯುತ್ತೇನೆ. ಗಾಡಿ ಕೆಟ್ಟಿರುವುದಿಲ್ಲ. ಗಾಳಿ ನೋಡಿ, ಆಯಿಲ್ ನೋಡಿ ಅನ್ನುತ್ತೇನೆ. ಸ್ಟೂಲಿನ ಮೇಲೆ ಕೂತು ಅವರ ಕೈಗಳನ್ನು ನೋಡುತ್ತೇನೆ.

"ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗ್ಬಾರ್ದಾ ಅತ್ತಿಗೆ? ಸೋಫಾ ಇದೆ, ಟಿವಿ ಇದೆ," ಎಂದಳು ನಾದಿನಿ.

"ಸಣ್ಣ ಅಂಗಡಿಯವರು ಬದುಕ್ಬೇಕಲ್ಲ."

"ನಿಮ್ಮಂಥ ದೊಡ್ಡ ಮನಸ್ಸು ನನಗಿಲ್ಲಪ್ಪ."

ಡಾಕ್ಟ್ರದು ಒಂದು ರೂಢಿ. ಹೊಸಬರು ಬಂದರೆ ಸವೆದ ಬ್ರೇಕ್ ಶೂ ಕಿತ್ತು ಕೇಳದೆ ಹೊಸದು ಹಾಕುತ್ತಾರೆ. ಹಳೇ ಗಿರಾಕಿಗಳಾದರೆ ಮೊದಲು ಕೇಳುತ್ತಾರೆ. ಬೇಡವೆಂದರೆ ಹಳೆಯದನ್ನೇ ಮರಳು ಕಾಗದದಲ್ಲಿ ಉಜ್ಜಿ, ಕೇಬಲ್ ಬಿಗಿದು, ಇನ್ನೊಂದು ತಿಂಗಳು ಓಡುವಂತೆ ಮಾಡಿಕೊಡುತ್ತಾರೆ. ಅದು ಸಲಿಗೆ. ನಮ್ಮವರಿಗೆ ಮಾತ್ರ. ನನ್ನ ಗಂಡನ ಗಾಡಿಗೂ ಒಂದು ಸಂಜೆ ಹಾಗೇ ಉಜ್ಜಿಕೊಟ್ಟರು. ಮರುದಿನ ಬೆಳಿಗ್ಗೆ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ಎದುರಿಗೆ ನೀರಿನ ಟ್ಯಾಂಕರ್ ಇತ್ತು.

ನಾನು ದೂರು ಕೊಡಲಿಲ್ಲ. ನಮ್ಮ ಕಟ್ಟಡದಿಂದ ಹನ್ನೊಂದು ಮಂದಿ ಗಿರಾಕಿಗಳನ್ನು ಕರೆತಂದೆ.

ಸಣ್ಣ ಅಂಗಡಿಯ ಸುಖವೇ ಬೇರೆ. ಅಲ್ಲಿ ಟೋಕನ್ ಹಿಡಿದು ಕಾಯಬೇಕಿಲ್ಲ. ನೀವು ಯಾರೆಂದು ಅಲ್ಲಿ ಗೊತ್ತಿರುತ್ತದೆ. ತಿರುವಿನಲ್ಲಿ ನಾನು ಹಾರ್ನ್ ಮಾಡಿದರೆ ಡಾಕ್ಟ್ರ ಕೈಯಿಂದ ಸ್ಪ್ಯಾನರ್ ಜಾರುತ್ತದೆ. ಯಾವ ದೊಡ್ಡ ಕಂಪನಿಯಲ್ಲಿ ನನಗೆ ಈ ಮರ್ಯಾದೆ ಸಿಕ್ಕೀತು?

ಹೋದ ಶನಿವಾರ ಅವರು ಕೈ ಒರೆಸಿಕೊಂಡು ಎದುರಿಗೆ ನಿಂತರು.

"ಅಮ್ಮಾ, ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಕೇಳಿದೀನಿ. ಸೋಮವಾರ ಹತ್ತಕ್ಕೆ ಬನ್ನಿ ಅಂದಿದಾರೆ. ಹಳೇ ಗಿರಾಕಿ ಕೈಲಿ ಒಂದು ಪತ್ರ ಬರೆಸ್ಕೊಂಡು ಬರ್ಬೇಕಂತೆ."

"ಅಂಗಡಿ?"

"ಮುಚ್ಚಿಬಿಡ್ತೀನಿ. ಶನಿವಾರ ಬಂತು ಅಂದ್ರೆ ನನಗೆ ಊಟ ಸೇರಲ್ಲ."

"ಹನ್ನೊಂದು ಜನರನ್ನ ತಂದಿದೀನಲ್ಲ ಅಣ್ಣಾ."

"ಅದಕ್ಕೇ ಹೇಳ್ತಿರೋದು. ನೀವು ಒಂದು ಸಲ ಬೈದಿದ್ರೆ ಎಷ್ಟೋ ವಾಸಿಯಿತ್ತು."

"ನಮ್ಮವರನ್ನ ಯಾರಾದ್ರೂ ಬೈತಾರಾ?"

ಅವರು ನೆಲ ನೋಡಿದರು. "ಬೇರೆಯವರು ಎರಡು ಸಾಲು ಬರೀತಾರೆ. ನೀವು ಓದಿದೋರು. ಬಿಡುಗಡೆ ಮಾಡಿ ಅಮ್ಮಾ."

ಚೀಲದಿಂದ ಕಾಗದ ತೆಗೆದು ಅಲ್ಲೇ ಬರೆದೆ. ತೊಡೆಯ ಮೇಲಿಟ್ಟು ಬರೆದರೂ ಅಕ್ಷರ ದುಂಡಗೆ ಬಂತು. ಓದಿಕೊಳ್ಳಿ ಎಂದು ಕೊಟ್ಟೆ. ಅವರು ಬೆಳಕಿಗೆ ಹಿಡಿದು, ತುಟಿಯಲ್ಲೇ ಓದಿದರು.

'ಇವರನ್ನು ಒಂಬತ್ತು ವರ್ಷಗಳಿಂದ ಬಲ್ಲೆ. ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತಾರೆ. ಮಾತು ಒಳ್ಳೆಯದು. ನನ್ನ ಗಂಡನ ಗಾಡಿಯ ಸವೆದ ಬ್ರೇಕ್ ಶೂವನ್ನು ಮರಳು ಕಾಗದದಲ್ಲಿ ಉಜ್ಜಿ ಕಳಿಸಿದ್ದು ಇವರೇ. ಮರುದಿನ ಅವನು ಸತ್ತ. ಅದಾದ ಮೇಲೂ ನಾನು ಬೇರೆ ಅಂಗಡಿಗೆ ಹೋಗಿಲ್ಲ.'

"ಒಂದಕ್ಷರವೂ ಸುಳ್ಳಲ್ಲ," ಎಂದರು. ಕಾಗದದಿಂದ ಕಣ್ಣೆತ್ತಿ, "ಒಂದು ಮಾತು ಬಿಟ್ಟಿದೀರಿ," ಎಂದರು.

"ಯಾವುದು?"

"ಹೊಸದು ಹಾಕ್ಲಾ ಅಂತ ಕೇಳಿದ್ದೆ. ನಿಮ್ಮ ಯಜಮಾನ್ರು ಹೂಂ ಅಂದಿದ್ರು. ಬೇಡ, ಹೊತ್ತಾಯ್ತು, ಇದನ್ನೇ ಉಜ್ಜಿಕೊಡಿ ಅಂದಿದ್ದು ನೀವು. ಇದೇ ಸ್ಟೂಲ್ ಮೇಲೆ ಕೂತು."

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದು ದಾಟುವವರೆಗೆ ಕಾದೆ.

"ಅದು ನನ್ನ ವಿಷಯ ಅಣ್ಣಾ. ನೀವು ಕೇಳಿದ್ದು ನಿಮ್ಮ ಬಗ್ಗೆ ಪತ್ರ."

ಅವರು ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬಿನ ಮೇಲೆ ಗ್ರೀಸಿನ ಬೆರಳಚ್ಚು ಉಳಿಯಿತು. ನನ್ನ ಗಾಡಿಯ ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತು ಗಾಳಿ ನೋಡಿದರು. ಗಾಳಿ ಸರಿಯಾಗಿತ್ತು.

ಸೋಮವಾರ ಹತ್ತು ಗಂಟೆಗೆ ಆಫೀಸಿಗೆ ಹೋಗುವಾಗ ಆ ದಾರಿಯಲ್ಲೇ ಹೋದೆ. ಶಟರು ತೆರೆದಿತ್ತು. ಡಾಕ್ಟ್ರು ಯಾರದೋ ಗಾಡಿಯ ಹಿಂದೆ ತಲೆ ತಗ್ಗಿಸಿ ಕೂತಿದ್ದರು. ನನಗೆ ಹೊತ್ತಾಗಿತ್ತು, ಆದರೂ ಗಾಡಿ ನಿಲ್ಲಿಸಿದೆ.