ಮೀಮ್ ಅಕ್ಷರದ ಕಣ್ಣು

ಇನ್‌ಫ್ಲುಯೆಂಜಾ ಜ್ವರ ಹಬ್ಬಿದ ವರ್ಷವೇ ಕಂಪ್ಲಿಯ ಮಸೀದಿಯ ಹೊರಬಾಗಿಲ ಮೇಲೆ ಬಿಸ್ಮಿಲ್ಲಾ ಬರೆಸಿದರು. ಬರೆದವನು ಹೊಸಪೇಟೆ ಚಿತ್ತವಾಡ್ಗಿಯ ಬುಡೇನಸಾಬ. ಜಾಗ ಕಿರಿದಾಗಿದ್ದರಿಂದ ಅರಬ್ಬಿ ಅಕ್ಷರಗಳನ್ನು ಒಂದರ ಮೇಲೊಂದು ಏರಿಸಿ, ಬಳುಕಿಸಿ ಬರೆದು ಊರಿಗೆ ಮರಳಿದ್ದ.

ಅದರಲ್ಲಿ ಹಕ್ಕಿಯನ್ನು ಮೊದಲು ಕಂಡವಳು ಅಂಗಡಿಕಾರರ ಮನೆಯ ಸೊಸೆ ಅಕ್ಕನಾಗಮ್ಮ. ಅವಳ ಮಗಳು ಜ್ವರದಿಂದ ಮಲಗಿದ್ದಳು. ದಾರಿಯಲ್ಲಿ ತಲೆ ಎತ್ತಿದವಳಿಗೆ ಕೊಕ್ಕು, ಕಣ್ಣು, ಮಡಚಿದ ರೆಕ್ಕೆ ಕಂಡವು. ಕೈ ಮುಗಿದಳು. ಸಂಜೆಗೆ ಜ್ವರ ಇಳಿಯಿತು. ಮರುದಿನದಿಂದ ಮಸೀದಿಯ ಬಾಗಿಲಲ್ಲಿ ಅರಿಶಿನ, ಹೂವು, ಊದಿನಕಡ್ಡಿ.

ಸುದ್ದಿ ಮುಟ್ಟಿದಾಗ ಬುಡೇನಸಾಬನಿಗೆ ಅನ್ನ ಸೇರಲಿಲ್ಲ. ಜೀವ ಇರುವುದರ ಚಿತ್ರ ಬಿಡಿಸಿದವನಿಗೆ ಕಡೆಯ ತೀರ್ಪಿನ ದಿನ ಅದಕ್ಕೆ ಉಸಿರು ತುಂಬೆನ್ನುತ್ತಾರೆ, ತುಂಬಲಾಗದವನಿಗೆ ಶಿಕ್ಷೆ ಎಂದು ಅವನಪ್ಪ ಹೇಳುತ್ತಿದ್ದ. ಗಾಡಿ ಹಿಡಿದು ಬಂದು ನೋಡಿದ. ಹಕ್ಕಿ ಇತ್ತು. ಬರೆಯುವಾಗ ತನಗೇಕೆ ಕಾಣಲಿಲ್ಲ? ಅಥವಾ ಕಂಡೂ ಕೈ ತಡೆಯಲಿಲ್ಲವೋ? ಅದೇ ಅವನನ್ನು ಕೊರೆಯತೊಡಗಿತು.

ಮಸೀದಿಯ ಹಿರಿಯರು ಆ ಬರಹವನ್ನೇ ಕೆರೆಸಿಬಿಡಬೇಕೆಂದು ಗೌಂಡಿ ಸುಂಕಪ್ಪನನ್ನು ಏಣಿ ಹತ್ತಿಸಿದ್ದರು. ಅವನು ಉಳಿ ಹಿಡಿದು ಮೇಲಿನಿಂದಲೇ ಕೇಳಿದ: "ಇದು ನಿಮ್ಮ ದೇವರ ಹೆಸರಲ್ಲೇನ್ರಿ? ಯಾವ ಕಡಿಂದ ಒಡೀಲಿ?"



ಬುಡೇನಸಾಬ ಅವನನ್ನು ಇಳಿಸಿ ತಾನೇ ಹತ್ತಿದ. ಮೀಮ್ ಎಂಬ ಅಕ್ಷರದ ದುಂಡು ತಲೆಯೊಳಗಿನ ಬಿಳಿ ಕಿಂಡಿಯೇ ಹಕ್ಕಿಯ ಕಣ್ಣಾಗಿತ್ತು. ಆ ಕಿಂಡಿ ತುಂಬಿದರೂ ಅಕ್ಷರ ಕೆಡುವುದಿಲ್ಲ. ಕುಂಚದಿಂದ ಕಪ್ಪು ತುಂಬಿದ. ಕೆಳಗೆ ನಿಂತವರು ಎಷ್ಟು ದಿಟ್ಟಿಸಿದರೂ ಹಕ್ಕಿ ಸಿಗಲಿಲ್ಲ.

ಅವನು ಇಳಿಯುವಷ್ಟರಲ್ಲಿ ಅಕ್ಕನಾಗಮ್ಮ ಹೂವು ಹಿಡಿದು ಓಡುತ್ತ ಬಂದಳು. ಮಗಳಿಗೆ ಮತ್ತೆ ಜ್ವರ ಏರಿತ್ತು.

"ಹಕ್ಕಿ ಎಲ್ಲಿ ಹೋತ್ರಿ, ಸಾಬರ?"

"ನಾನ ಅಳಿಸಿದೆ, ತಾಯಿ. ಅದು ಇರಬಾರದಿತ್ತು."

ಅವಳು ಅಲ್ಲೇ ಕುಸಿದು ಕುಳಿತಳು. ಬಯ್ಯುತ್ತಾಳೆಂದು ಬುಡೇನಸಾಬ ಕಾದ. ಬಯ್ಯಲಿಲ್ಲ.

"ಈಗ ಅಲ್ಲಿ ಏನೈತ್ರಿ?"

"ಭಾಳ ಕರುಣಾ ಇರೋ ದೇವರ ಹೆಸರು."

"ಹಂಗಾದ್ರ ಅದನ್ನ ಓದ್ರಿ. ನನ್ನ ಮಗಳ ಸಲುವಾಗಿ ಓದ್ರಿ."

ಅವನು ಹಿರಿಯರ ಮುಖ ನೋಡಿದ. ಯಾರೂ ಬೇಡವೆನ್ನಲಿಲ್ಲ. ಬಾಗಿಲ ಕಡೆ ತಲೆ ಎತ್ತಿ ಓದಿದ. ಅವಳು ಎದ್ದು ಹೋದಳು.

ಬುಡೇನಸಾಬ ಊರಿಗೆ ಹೋಗಲಾರದೆ ಮಸೀದಿಯಲ್ಲೇ ಉಳಿದ. ಬೀದಿಯಲ್ಲಿ ಹೆಣ ಹೋದಾಗಲೆಲ್ಲ ಯಾರ ಮನೆಯದೆಂದು ಕೇಳುತ್ತಿದ್ದ. ಕೊನೆಗೆ ಒಂದು ಮುಂಜಾನೆ ಅಕ್ಕನಾಗಮ್ಮನೇ ಬಂದು, ಮಗಳು ಎದ್ದು ಕುಳಿತು ಗಂಜಿ ಕುಡಿದಳೆಂದು ಹೇಳಿದಳು.

ಅವನು ಹೊಳೆಗೆ ಹೋಗಿ, ಮುಖ ತೊಳೆದು, ಬಹಳ ಹೊತ್ತು ದಂಡೆಯ ಮೇಲೆ ಕುಳಿತಿದ್ದ.